ಮಿಸ್ ಲಾಮಂಟರ ಖಾಲಿ ಚೌಕ

೧೯೭೨ರಲ್ಲಿ ನ್ಯೂಜೆರ್ಸಿಯ ಕಾರ್ನಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ ಇಸೊಬೆಲ್ ಲಾಮಂಟ್. ಮೂವತ್ತು ವರ್ಷ ನೂಲಿನ ಗಿರಣಿಯಲ್ಲಿ ದುಡಿದು ನಿವೃತ್ತರಾಗಿದ್ದ ಆಕೆಗೆ ಒಂದೇ ಹಟ. ಸ್ಕಾಟ್ಲೆಂಡಿನಿಂದ ವಲಸೆ ಬಂದ ತನ್ನ ಅಜ್ಜ ಯಾವ ಊರಿನವನು, ಯಾರ ಮಗ ಎಂದು ತಿಳಿಯಬೇಕು. ಅಲ್ಲಿನ ಚರ್ಚುಗಳಿಗೆ ಕಳಿಸುವ ಪತ್ರಗಳನ್ನೆಲ್ಲ ನನ್ನಿಂದಲೇ ಟೈಪ್ ಮಾಡಿಸುತ್ತಿದ್ದರು. ಎಂದೋ ಸತ್ತವರ ಊರು ಹುಡುಕಿ ಈಗ ಆಗಬೇಕಾದ್ದೇನು ಎಂದು ನಾನು ಒಳಗೊಳಗೇ ಸಿಡುಕುತ್ತಿದ್ದೆ.

ಹನ್ನೊಂದನೆಯ ಪತ್ರಕ್ಕೆ ಉತ್ತರ ಬಂತು. ಅಜ್ಜ ಚರ್ಚಿನ ಬಾಗಿಲಲ್ಲಿ ಸಿಕ್ಕ ಕೂಸು; ಲಾಮಂಟ್ ಎಂಬುದು ಸಾಕಿದವರು ಕೊಟ್ಟ ಹೆಸರು. ಆಕೆ ಕನ್ನಡಕ ತೆಗೆದಿಟ್ಟು, ಮೇಜಿನ ಮೇಲೆ ಹರಡಿದ್ದ ವಂಶವೃಕ್ಷವನ್ನು ನೋಡುತ್ತ ಕುಳಿತರು. ಅದರ ತುದಿಯ ಚೌಕ ಖಾಲಿಯಾಗಿತ್ತು.

"ಮೂಲ ಗೊತ್ತಿಲ್ಲದೆ ಹೋದ್ರೆ ನಿಮ್ಮವರು ಏನು ಮಾಡ್ತಾರೆ, ದಿವಾಕರ್?"

"ನಮ್ಮಲ್ಲಿ ಪ್ರತಿ ಮನೆತನಕ್ಕೂ ಒಬ್ಬ ಋಷಿಯ ಹೆಸರಲ್ಲಿ ಗೋತ್ರ ಇರುತ್ತೆ. ಅದು ಗೊತ್ತಿಲ್ಲದವರಿಗೆ ಪುರೋಹಿತರು ಕಾಶ್ಯಪ ಗೋತ್ರ ಅಂತ ಹೇಳಿಸ್ತಾರೆ. ಕಶ್ಯಪ ಎಲ್ಲರಿಗೂ ತಂದೆ ಅಂತ ನಂಬಿಕೆ. ಆಮೇಲೆ ಯಾರೂ ಏನೂ ಕೇಳಲ್ಲ."

ಆಕೆ ಪೆನ್ಸಿಲ್ ತೆಗೆದುಕೊಂಡು ಆ ಹೆಸರನ್ನೇ ಚೌಕದಲ್ಲಿ ನಿಧಾನವಾಗಿ ಬರೆದರು. ಬರೆದದ್ದನ್ನು ನೋಡಿ ಸಮಾಧಾನವಾದಂತೆ ಕಂಡಿತು.

"ನಿಮ್ಮ ಮನೆಯವರದು ಯಾವ ಗೋತ್ರ?" ಎಂದು ಕೇಳಿದರು.

"ಕಾಶ್ಯಪ" ಎಂದೆ.

ಅದು ನಮಗೆ ಹೇಗೆ ಬಂತೆಂದು ನಾನು ಅಲ್ಲಿಯವರೆಗೆ ಯಾರನ್ನೂ ಕೇಳಿರಲಿಲ್ಲ. ಹನ್ನೆರಡನೆಯ ಪತ್ರವನ್ನು ಮೈಸೂರಿನ ದೊಡ್ಡಪ್ಪನಿಗೆ ಬರೆದೆ.