ಜರಿ ಚೌಕಟ್ಟಿನ ಸುತ್ತ ಪದ್ಯದ ಪಾಠ

ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು, ಮರ್ಫಿ ಟೌನಿನ ಬಾಡಿಗೆ ಕೋಣೆಗೆ ಬೀಗ ಹಾಕಿ, ಜಟ್ಟೆಮ್ಮ ಹಲಸೂರು ಕೆರೆಯ ಬದಿಯಿಂದ ಶಿವಾಜಿನಗರಕ್ಕೆ ನಡೆದೇ ಹೋಗುತ್ತಿದ್ದಳು. ಕಂಕುಳಲ್ಲಿ ಹತ್ತನೇ ತರಗತಿಯ ಕನ್ನಡ ಪುಸ್ತಕ. ದಾರಿಯುದ್ದಕ್ಕೂ ಅಂದಿನ ಪದ್ಯವನ್ನು ಬಾಯೊಳಗೇ ಹೇಳಿಕೊಳ್ಳುವುದು ಅವಳ ಅಭ್ಯಾಸ. ಎದುರು ಬಂದವರು ಪಾಪ, ದೇವರ ಸ್ತೋತ್ರ ಇರಬೇಕು ಅಂದುಕೊಳ್ಳುತ್ತಿದ್ದರು.

ಯಾದಗಿರಿ ಕಡೆಯ ಹೆಣ್ಣುಮಗಳು. ಊರಿನ ಸಣ್ಣ ಕಾಲೇಜಿನಲ್ಲಿ ಕನ್ನಡ ತೆಗೆದುಕೊಂಡು ಬಿ.ಎ. ಮುಗಿಸಿದ್ದಳು. ಗಂಡ ಹುಲಿಗೆಪ್ಪ ನೆಲಕ್ಕೆ ಕಲ್ಲು ಹಾಸುವವನು. ಇಂದಿರಾನಗರದಲ್ಲಿ ಹೊಸ ಮನೆಗಳು ಏಳುತ್ತಿದ್ದ ಕಾಲದಲ್ಲಿ ಅವನ ಕೆಲಸದ ಬೆನ್ನು ಹತ್ತಿ ಇಬ್ಬರೂ ಬೆಂಗಳೂರಿಗೆ ಬಂದಿದ್ದರು. ಬಿ.ಎಡ್. ಇಲ್ಲದವಳಿಗೆ ಯಾವ ಶಾಲೆಯೂ ಬಾಗಿಲು ತೆರೆಯಲಿಲ್ಲ. ಒಂದು ದಿನ ಹುಲಿಗೆಪ್ಪ ಶಿವಾಜಿನಗರದ ಮಣಿ, ಚಮ್ಕಿ ಮಾರುವ ಅಂಗಡಿಯೊಂದಕ್ಕೆ ನೆಲ ಹಾಸುತ್ತಿದ್ದಾಗ, ಅಂಗಡಿಯ ಯಜಮಾನ ಹಾಶಿಮ್ ಸಾಹೇಬರು ಮಗಳ ಓದಿನ ಮಾತು ತೆಗೆದರು. ಹುಲಿಗೆಪ್ಪ ಕೈಯಲ್ಲಿದ್ದ ಕರಣೆಯನ್ನು ಕೆಳಗಿಟ್ಟು, "ನಮ್ಮನ್ಯಾಕಿ ಕನ್ನಡ ಭಾಳ ಚಲೋ ಹೇಳತಾಳ್ರಿ" ಅಂದ.

ಹೀಗೆ ಸಿಕ್ಕವಳು ಉಮ್ಮೆ ಕುಲ್ಸುಂ. ಏಳನೆಯವರೆಗೆ ಮನೆ ಹತ್ತಿರದ ಉರ್ದು ಶಾಲೆಯಲ್ಲಿ ಓದಿದ್ದಳು. ಮುಂದಿನ ಶಾಲೆಗೆ ಬಸ್ಸು ಹತ್ತಬೇಕಿತ್ತು, ಮನೆಯವರು ಕಳಿಸಲಿಲ್ಲ. ಆದರೆ ತಾಯಿ ಜಹನಾರಾ ಪಟ್ಟು ಹಿಡಿದಿದ್ದಳು: ಮನೆಯಲ್ಲೇ ಓದಲಿ, ಹತ್ತನೆಯ ಪರೀಕ್ಷೆಯನ್ನು ಮಾತ್ರ ಹೊರಗಿನಿಂದ ಕಟ್ಟಲೇಬೇಕು. ಕುಲ್ಸುಂ ಜೊತೆಗೆ ಅವಳ ಚಿಕ್ಕಪ್ಪನ ಮಗಳು ಮಾಹಿರಾ. ಲೆಕ್ಕ, ವಿಜ್ಞಾನವನ್ನು ಉರ್ದುವಿನಲ್ಲಿ ಹೇಳಿಕೊಡಲು ನೆಂಟರಲ್ಲೊಬ್ಬರು ಬರುತ್ತಿದ್ದರು. ಕನ್ನಡ ಜಟ್ಟೆಮ್ಮನ ಪಾಲಿಗೆ ಬಂತು.

ಆ ಮನೆಯ ಮಧ್ಯಾಹ್ನಗಳು ಜರಿ ಕೆಲಸದವು. ಕಿಟಕಿಯ ಬೆಳಕಿಗೆ ಮಂಚದುದ್ದದ ಮರದ ಚೌಕಟ್ಟು, ಅದಕ್ಕೆ ಬಿಗಿದು ಕಟ್ಟಿದ ಬಟ್ಟೆ, ಸುತ್ತಲೂ ಹೆಂಗಸರು. ಮುಖ್ಯ ಜಾಗದಲ್ಲಿ ಅಜ್ಜಿ ಬದ್ರುನ್ನೀಸಾ. ಪಾಠಕ್ಕೆಂದು ಸೂಜಿ ಕೆಳಗಿಡುವ ಮಾತೇ ಇರಲಿಲ್ಲ. ಹಾಗಾಗಿ ಮೊದಲ ವಾರದಲ್ಲೇ ಒಂದು ಏರ್ಪಾಡಾಯಿತು: ಒಬ್ಬಳು ಪುಸ್ತಕ ಹಿಡಿದು ಗಟ್ಟಿಯಾಗಿ ಓದುವುದು, ಉಳಿದವರು ಹೊಲಿಯುತ್ತ ಕೇಳುವುದು. ಮಾಹಿರಾ ಹಾಕಿದ ಹೊಲಿಗೆಯನ್ನು ದಿನವೂ ಬಿಚ್ಚಬೇಕಾಗುತ್ತಿತ್ತು. ಅದಕ್ಕೆ ಓದುವ ಕೆಲಸ ಅವಳಿಗೆ ಬಂತು.

"ಇವಳು ಓದ್ತಾ ಇದ್ರೆ ನಮ್ಮ ಬಟ್ಟೆ ಉಳಿಯತ್ತೆ ಟೀಚರಮ್ಮ" ಅಂದಳು ಬದ್ರುನ್ನೀಸಾ.

"ದಾದೀ" ಎಂದು ಮಾಹಿರಾ ಮುಖ ಊದಿಸಿದಳು. ಆದರೆ ಪುಸ್ತಕವನ್ನು ಬಿಡಲಿಲ್ಲ.

ಜಟ್ಟೆಮ್ಮನಿಗೂ ಅದು ಒಗ್ಗಿತು. ಅವಳು ಹಾಡು ಕಲಿತಿದ್ದು ಊರಿನಲ್ಲಿ ತನ್ನ ಅಜ್ಜಿಯ ಪಕ್ಕ ಕೂತು ಹಳೆ ಸೀರೆಗಳ ಕೌದಿ ಹೊಲಿಯುತ್ತಲೇ. ಬಾಯಿಗೆ ಬಂದದ್ದು ಕೈಗೆ ಬಾರದೆ ಎಲ್ಲಿ ಹೋಗುತ್ತದೆ ಎಂದು ನಂಬಿದ್ದಳು. ಬರೆಯುವುದಕ್ಕೆ ಅವಳು ಕೊಟ್ಟದ್ದೇ ಕಡಿಮೆ. ಕೊಟ್ಟಾಗಲೂ ಮಾಹಿರಾಳ ಪುಸ್ತಕ ನೋಡಿ, ಕುಲ್ಸುಂಳನ್ನು ಬಾಯಲ್ಲಿ ಕೇಳಿ ಮುಗಿಸುತ್ತಿದ್ದಳು.

ಕುಲ್ಸುಂ ಹೇಳುತ್ತಿದ್ದ ಉತ್ತರಗಳು ಅಷ್ಟು ಚೆನ್ನಾಗಿದ್ದವು. ಮದುವೆಯಾಗಿ ಹೋದ ಮಗಳು ತವರಿಗೆ ಬರುವ ದಿನದ ಪದ್ಯವೊಂದಿತ್ತು. ಅದರಲ್ಲಿ ತಾಯಿ ಅಂಗಳ ಗುಡಿಸುತ್ತಾಳೆ, ದೀಪಕ್ಕೆ ಎಣ್ಣೆ ಹೊಯ್ಯುತ್ತಾಳೆ, ಉಳಿದ ಎಣ್ಣೆಯನ್ನು ಬಾಗಿಲ ತಿರುಗಣಿಗೆ ಬಿಡುತ್ತಾಳೆ. ತಿರುಗಣಿಗೆ ಯಾಕೆ ಎಂದು ಜಟ್ಟೆಮ್ಮ ಕೇಳಿದಳು.

"ತಾಯಿ ಕೆಲಸಗಾತಿ ಅಂತ ತೋರಿಸೋಕೆ. ಗೈಡಲ್ಲಿದೆ ಮಿಸ್" ಅಂದಳು ಮಾಹಿರಾ.

ಕುಲ್ಸುಂ ಬಟ್ಟೆಯಿಂದ ಕಣ್ಣೆತ್ತಲಿಲ್ಲ. "ಮಗಳು ಬರೋದು ಅಪ್ಪನಿಗೆ ಗೊತ್ತಿಲ್ಲ ಅನ್ಸತ್ತೆ ಮಿಸ್. ಬಾಗಿಲು ಕಿರ್ ಅನ್ಬಾರ್ದಲ್ಲ."

ಜಟ್ಟೆಮ್ಮ ಮತ್ತೆ ಪದ್ಯ ನೋಡಿದಳು. ಮೊದಲಿನಿಂದ ಕೊನೆಯವರೆಗೆ ಅಪ್ಪನ ಮಾತೇ ಇರಲಿಲ್ಲ. ಕಾಲೇಜಿನಲ್ಲಿ ಇದೇ ಪದ್ಯವನ್ನು ಓದಿದ್ದಳು, ಯಾರೂ ಹೀಗೆ ಹೇಳಿರಲಿಲ್ಲ. ಅಂದು ಮನೆಗೆ ಹೋಗುವಾಗ ಕೆರೆಯ ನೀರಿನ ಮೇಲೆ ಬಿಸಿಲು ಓರೆಯಾಗಿ ಬಿದ್ದಿತ್ತು. ಅವಳು ಸುಮ್ಮನೆ ನಿಂತು ನೋಡಿದಳು. ಈ ಹುಡುಗಿ ಕನ್ನಡದಲ್ಲಿ ಎಲ್ಲರನ್ನೂ ಮೀರಿಸುತ್ತಾಳೆ ಎಂಬುದರ ಬಗ್ಗೆ ಅವಳಿಗೆ ಅನುಮಾನವೇ ಉಳಿಯಲಿಲ್ಲ.

ಮೂರನೆಯ ವರ್ಷ ಪರೀಕ್ಷೆಯ ಅರ್ಜಿ ಹೋಯಿತು. ರಂಜಾನ್ ಮುಗಿದು ಈದ್ ಕಳೆಯಿತು. ಹೊಸ ಬಟ್ಟೆಯನ್ನು ಇನ್ನೂ ಚೌಕಟ್ಟಿಗೆ ಬಿಗಿದಿರಲಿಲ್ಲ. ಆ ಬಿಡುವಿನ ದಿನ ಜಟ್ಟೆಮ್ಮ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ತಂದು ಇಬ್ಬರ ಮುಂದೂ ಇಟ್ಟಳು. ಪರೀಕ್ಷೆಯ ಹಾಗೇ ಹೊತ್ತು ನೋಡಿಕೊಂಡು ಬರೆಯಬೇಕು.

ಹೊತ್ತು ಮುಗಿದಾಗ ಮಾಹಿರಾ ಹಾಳೆಗಟ್ಟಲೆ ತುಂಬಿಸಿದ್ದಳು. ಕುಲ್ಸುಂಳ ಹಾಳೆಯಲ್ಲಿ ಒಂದೇ ಉತ್ತರ, ಅದೂ ಅರ್ಧ. ಅಕ್ಷರಗಳು ಮುತ್ತು ಜೋಡಿಸಿದ ಹಾಗಿದ್ದವು. ಆದರೆ ಕೊನೆಯ ಸಾಲುಗಳಲ್ಲಿ ಕೊಂಬಿಲ್ಲ, ದೀರ್ಘವಿಲ್ಲ, ಒತ್ತಿಲ್ಲ. ಬೋಳು ಅಕ್ಷರಗಳು ಸಾಲಾಗಿ ನಿಂತಿದ್ದವು.

"ಇದೇನವಾ ಇದು?"

"ಅದನ್ನೆಲ್ಲ ಆಮೇಲೆ ಹಾಕ್ತೀನಿ ಮಿಸ್. ಮೊದ್ಲು ಸಾಲು ಪೂರ್ತಿ ಮಾಡ್ಕೊಂಡು."

ಉರ್ದುವಿನಲ್ಲಿ ಪದ ಪೂರ್ತಿ ಬರೆದು ಆಮೇಲೆ ಚುಕ್ಕೆ ಇಡುವ ಹಾಗೆ. ಜರಿಯಲ್ಲಿ ಬಳ್ಳಿ ಎಳೆದು ಮಣಿ ಕೂರಿಸುವ ಹಾಗೆ. ಮೂರು ವರ್ಷ ಇವಳ ಕಿವಿಗೆ ಮಾತ್ರ ಕನ್ನಡ ಕೊಟ್ಟು, ಕೈಯನ್ನು ಸೂಜಿಗೇ ಬಿಟ್ಟಿದ್ದೆ ಎಂದು ಜಟ್ಟೆಮ್ಮನಿಗೆ ಆಗ ಹೊಳೆಯಿತು. ಹೊಲಿಗೆ ಚೆನ್ನಾಗಿದ್ದವಳಿಗೇ ಪುಸ್ತಕ ತಪ್ಪಿಹೋಗಿತ್ತು. ಇಷ್ಟು ತಿಳಿದ ಹುಡುಗಿ ಕನ್ನಡದಲ್ಲಿ ನಪಾಸಾಗುತ್ತಾಳೆ. ಆಮೇಲೆ ಮತ್ತೊಮ್ಮೆ ಕಟ್ಟು ಎಂದು ಈ ಮನೆಯಲ್ಲಿ ಯಾರು ಹೇಳುತ್ತಾರೆ?

ಅದನ್ನೇ ಜಹನಾರಾಳ ಮುಂದೆ ಹೇಳಿದಳು. "ತಪ್ಪು ನಂದು ಅಕ್ಕಾ. ಇನ್ನ ಪರೀಕ್ಷೆತನಕ ದಿನಾ ಮಧ್ಯಾಹ್ನ ಆಕಿ ಬರೀಬೇಕು. ಬರೀ ಬರಿಯೋದೇ."

ಜಹನಾರಾ ಅತ್ತೆಯ ಮುಖ ನೋಡಿದಳು. ಫ್ರೇಜರ್ ಟೌನಿನ ಮದುವೆಯೊಂದರ ದುಪಟ್ಟಾ ಜರಿ ಕೆಲಸಕ್ಕೆ ಬಂದಿತ್ತು. ಅದರ ಅಂಚಿನ ಸಣ್ಣ ಬಳ್ಳಿ ಕುಲ್ಸುಂ ಕೈಯಿಂದಲೇ ಆಗಬೇಕು.

"ನಕ್ಕೋ, ಬೇಡ" ಅಂದಳು ಬದ್ರುನ್ನೀಸಾ. "ರಾತ್ರಿ ಬರೀಲಿ. ಮಧ್ಯಾಹ್ನದ ಬೆಳಕು ಹೋದ್ರೆ ಜರಿ ಕಾಣಲ್ಲ."

"ರಾತ್ರಿ ಆಕಿ ಕಣ್ಣು ಸೋತಿರ್ತಾವ್ರೀ."

"ಹಾಗಾದ್ರೆ ಅವಳ ಜಾಗದಲ್ಲಿ ಯಾರು ಕೂರ್ತಾರೆ, ನೀವಾ?"

"ಹೂಂನ್ರಿ" ಅಂದಳು ಜಟ್ಟೆಮ್ಮ. "ಆಕಿ ಸೂಜಿ ನನಗ ಕೊಡ್ರಿ."

ಮಾಹಿರಾ ಬಾಯಿಗೆ ತನ್ನ ದುಪಟ್ಟಾ ಅಡ್ಡ ಇಟ್ಟುಕೊಂಡು ನಕ್ಕಳು. ಕುಲ್ಸುಂ ಮಾತ್ರ ನಗಲಿಲ್ಲ. ಬೆರಳಿನ ಟೋಪಿ ತೆಗೆದು ಚೌಕಟ್ಟಿನ ಮೇಲಿಟ್ಟು, ಅಜ್ಜಿಯ ಕಡೆ ತಿರುಗಿದಳು. "ದಾದೀ, ನಂಗೆ ಬರೀಬೇಕು." ಆ ಮನೆಯಲ್ಲಿ ಅವಳು ಬಾಯಿ ಬಿಟ್ಟು ಏನನ್ನಾದರೂ ಬೇಕು ಎಂದದ್ದು ಅಪರೂಪ. ಬದ್ರುನ್ನೀಸಾ ಸರಿದು ಜಟ್ಟೆಮ್ಮನಿಗೆ ಪಕ್ಕದಲ್ಲಿ ಜಾಗ ಬಿಟ್ಟಳು.

ಜಟ್ಟೆಮ್ಮನಿಗೆ ಬರುತ್ತಿದ್ದದ್ದು ಕೌದಿಯ ಉದ್ದ ಹೊಲಿಗೆ. ಮೊದಲ ದಿನ ಅವಳು ಹಾಕಿದ್ದನ್ನು ಅಜ್ಜಿ ಕನ್ನಡಕ ಏರಿಸಿ ನೋಡಿದಳು.

"ಟೀಚರಮ್ಮ, ಇದು ದುಪಟ್ಟಾ. ಹೊದ್ಕೊಂಡು ಮಲಗೋಕಲ್ಲ."

"ಬಿಚ್ಚತೀನ್ರಿ."

"ಬಿಚ್ಚೋಕೆ ಮಾಹಿರಾ ಇದ್ದಾಳೆ, ಅವಳಿಗೆ ಅಭ್ಯಾಸ ಇದೆ. ನೀವು ಚಮ್ಕಿ ಪೋಣಿಸಿ ಕೊಡಿ ಸಾಕು."

ಅಂಚಿನ ಬಳ್ಳಿಯನ್ನು ಜಹನಾರಾ ಕೈಗೆತ್ತಿಕೊಂಡಳು. ಜಟ್ಟೆಮ್ಮ ಚಮ್ಕಿ ಪೋಣಿಸುತ್ತ, ಆಗಾಗ ಸುಲಭದ ತುಂಬು ಹೊಲಿಗೆ ಹಾಕುತ್ತ, ಬಾಯಲ್ಲಿ ಪ್ರಶ್ನೆ ಕೇಳುತ್ತಿದ್ದಳು. ಕಿಟಕಿಯ ಕೆಳಗೆ ಕುಲ್ಸುಂ ತಾನೇ ಉತ್ತರ ಹೇಳಿಕೊಳ್ಳುತ್ತ ಬರೆಯುತ್ತಿದ್ದಳು. ಒತ್ತು, ಕೊಂಬು ಅಲ್ಲಲ್ಲೇ ಆಗಬೇಕು, ಹಿಂದಕ್ಕೆ ಹೋಗುವ ಹಾಗಿಲ್ಲ. ನಾಲಿಗೆ ಮುಂದೆ ಓಡಿಬಿಡುತ್ತಿತ್ತು, ಕೈ ಹಿಂದೆ ಉಳಿಯುತ್ತಿತ್ತು. ಒಮ್ಮೊಮ್ಮೆ ಸಿಟ್ಟಿನಿಂದ ಹಾಳೆ ಹರಿದಳು. ಒಂದು ಮಧ್ಯಾಹ್ನ ಅತ್ತಳು. ಅತ್ತು, ಮುಖ ತೊಳೆದು ಬಂದು, ಬಿಟ್ಟ ಸಾಲಿನಿಂದಲೇ ಮುಂದುವರಿಸಿದಳು.

ಜಟ್ಟೆಮ್ಮನ ಸೂಜಿ ಚುಚ್ಚಿದ ಬೆರಳ ತುದಿಗಳನ್ನು ನೋಡಿ ಹುಲಿಗೆಪ್ಪ, "ಪಾಠ ಹೇಳಾಕ ಹೋಗಿ ಕೂಲಿಗೆ ನಿಂತಿಯೇನು?" ಎಂದು ಕೇಳಿದ.

"ಕಲಿಸಿದ್ದು ಕಡಿಮಿ ಬಿದ್ದೈತಿ. ತುಂಬಿ ಕೊಡಾಕತ್ತೀನಿ" ಅಂದಳು.

ದುಪಟ್ಟಾ ಹೇಗೋ ಮದುವೆಗೆ ಮುಂಚೆ ಹೋಯಿತು. ಜಟ್ಟೆಮ್ಮನ ಹೊಲಿಗೆ ಒಳಮಡಿಕೆಯಲ್ಲಿ ಎಲ್ಲೋ ಉಳಿದಿರಬೇಕು, ಯಾರ ಕಣ್ಣಿಗೂ ಬೀಳಲಿಲ್ಲ.

ಕನ್ನಡ ಪರೀಕ್ಷೆಯ ದಿನ ಹಾಶಿಮ್ ಸಾಹೇಬರು ಹುಡುಗಿಯರನ್ನು ಆಟೋದಲ್ಲಿ ಕರೆತಂದು, ಶಾಲೆಯ ಎದುರಿನ ಹೊಂಗೆ ಮರದ ಕೆಳಗೆ ಕಾದು ನಿಂತಿದ್ದರು. ಸ್ವಲ್ಪ ದೂರದಲ್ಲಿ ಜಟ್ಟೆಮ್ಮ. ಒಮ್ಮೆ ಹಾಶಿಮ್ ಸಾಹೇಬರು, "ಬರೀತಾಳಾ ಟೀಚರ್?" ಎಂದರು. "ಬರೀತಾಳ್ರೀ" ಎಂದಳು ಜಟ್ಟೆಮ್ಮ, ಶಾಲೆಯ ಗೇಟಿನ ಮೇಲಿಂದ ಕಣ್ಣು ತೆಗೆಯದೆ.

ಮಾಹಿರಾ ಮೊದಲು ಬಂದಳು. ಬಹಳ ಹೊತ್ತಿನ ಮೇಲೆ ಎಲ್ಲರ ಹಿಂದೆ ಕುಲ್ಸುಂ. ಬೆರಳೆಲ್ಲ ಮಸಿ.

"ಎಕ್ಸ್‌ಟ್ರಾ ಶೀಟ್ ಕೇಳ್ದೆ ಮಿಸ್."

"ತುಂಬಿತೇನು?"

"ಎರಡು ಸಾಲು. ಅಷ್ಟರಲ್ಲಿ ಬೆಲ್ ಹೊಡೆದ್ರು, ಕಿತ್ಕೊಂಡ್ಬಿಟ್ರು" ಎಂದು ನಕ್ಕಳು.

ಬೇಸಿಗೆಯಲ್ಲಿ ಫಲಿತಾಂಶ ಬಂತು. ಇಬ್ಬರೂ ಪಾಸು. ಕನ್ನಡದಲ್ಲಿ ಮಾಹಿರಾಗೆ ಒಳ್ಳೆಯ ಅಂಕ, ಕುಲ್ಸುಂಗೆ ಪಾಸಿಗಿಂತ ತುಸು ಹೆಚ್ಚು, ಅಷ್ಟೇ. ಜಟ್ಟೆಮ್ಮ ಅಂಕಪಟ್ಟಿಯನ್ನು ಮತ್ತೆ ಮತ್ತೆ ನೋಡಿದಳು. ಇವಳಿಗೆ ಸಲ್ಲಬೇಕಾದ ಅಂಕ ಅದಲ್ಲ.

ಕುಲ್ಸುಂ ಅದನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು. "ನಾನು ಬರ್ದಿದ್ದಷ್ಟನ್ನೇ ತಾನೆ ಮಿಸ್ ಅವ್ರು ನೋಡೋದು. ಪಿಯುಸಿಲಿ ಇನ್ನೂ ಬೇಗ ಬರೀತೀನಿ."

ಪಿಯುಸಿ ಎಂಬ ಮಾತು ಆ ಮನೆಯಲ್ಲಿ ಅದುವರೆಗೆ ಯಾರ ಬಾಯಲ್ಲೂ ಬಂದಿರಲಿಲ್ಲ. ಜಹನಾರಾಳ ಸೂಜಿ ಬಟ್ಟೆಯಲ್ಲೇ ನಿಂತಿತು. ಎಲ್ಲರೂ ಬದ್ರುನ್ನೀಸಾ ಕಡೆ ನೋಡಿದರು. ಅಜ್ಜಿ ಹೊಸ ಬಟ್ಟೆಯ ಮೂಲೆಯನ್ನು ಎಳೆದು, ಬಿಗಿ ಸಾಲದೆಂದು ಹಗ್ಗವನ್ನು ಇನ್ನೊಂದು ಸುತ್ತು ಸುತ್ತಿ ಗಂಟು ಹಾಕಿದಳು.

"ಹಾಗಾದ್ರೆ ಇವಳ ಜಾಗಕ್ಕೆ ಬೇರೆ ಯಾರನ್ನಾದ್ರೂ ಹುಡುಕ್ಬೇಕು" ಅಂದಳು. "ಟೀಚರಮ್ಮ ಅಂತೂ ಬೇಡ."