ಬೀಗದಣ್ಣನಿಗೆ ಕೊಟ್ಟ ರಜೆ

ಬಣ್ಣದ ಅಂಗಡಿಯ ಗೋಡೌನಿನ ಬೀಗದ ಕೈ ಸದಾ ಅವರ ಸೊಂಟದಲ್ಲಿ ನೇತಾಡುತ್ತಿತ್ತು. ಅದಕ್ಕೇ ಎಲ್ಲರೂ ಅವರನ್ನು ಬೀಗದಣ್ಣ ಎನ್ನುತ್ತಿದ್ದರು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು.

ಜ್ವರ ಬಂದರೂ ರಜೆ ಹಾಕಿದವರಲ್ಲ. ಮಗಳು ಹುಟ್ಟಿದ ದಿನ ಗೋಡೌನು ತೆಗೆದು, ವ್ಯಾಪಾರ ಮುಗಿಸಿ, ಬಾಗಿಲು ಹಾಕಿಯೇ ಆಸ್ಪತ್ರೆಗೆ ಬಂದರು. ಮೈಯೆಲ್ಲ ಟರ್ಪೆಂಟೈನ್ ವಾಸನೆ. ನರ್ಸು ಮೂಗು ಮುಚ್ಚಿಕೊಂಡು ಒಳಗೆ ಬಿಟ್ಟಳು.

ಇಂಥವರನ್ನು ಯಜಮಾನರು ಕರೆದು, "ಸೋಮವಾರದಿಂದ ಒಂದು ವಾರ ಬರಬೇಡಿ. ಸಂಬಳ ಬರುತ್ತೆ" ಅಂದರು.

"ನಾನೇನು ತಪ್ಪು ಮಾಡಿದೆ ಸ್ವಾಮಿ?"

"ತಪ್ಪಲ್ಲ ಮಾರಾಯ್ರೇ. ಇನ್ಮೇಲೆ ವರ್ಷಕ್ಕೊಂದು ವಾರ ಎಲ್ಲರೂ ಹೋಗಲೇಬೇಕು. ಆ ವಾರ ಅವರ ಕೆಲಸ ಇನ್ನೊಬ್ಬರು ನೋಡ್ತಾರೆ. ಔಷಧಿ ಅಂಗಡೀಲಿ ಏನಾಯ್ತು ಕೇಳಿದ್ರಲ್ಲ? ರಜೆಯನ್ನೇ ಹಾಕದ ಗುಮಾಸ್ತ ಅಂಗಡೀನೇ ನುಂಗಿ ಕೂತಿದ್ದ."

ಆ ಮಾತು ನಾಟಿತು. ಬೀಗದ ಕೈಯನ್ನು ಬಿಲ್ಲು ಬರೆಯುವ ಹುಡುಗಿಯ ಕೈಗಿಟ್ಟು ಮನೆಗೆ ಬಂದರು. ಬೀದಿಯಲ್ಲಿ ನಡೆಯುವಾಗ ಸೊಂಟ ಹಗುರವಾಗಿತ್ತು. ಎಲ್ಲರೂ ತನ್ನ ಸೊಂಟವನ್ನೇ ನೋಡಿದಂತೆ ಅನಿಸಿತು.

ಮನೆಯಲ್ಲಿ ಕೂರಲು ಬರುತ್ತಿರಲಿಲ್ಲ. ಚೆನ್ನಾಗಿದ್ದ ನಲ್ಲಿಯನ್ನು ಬಿಚ್ಚಿದರು. ಜೋಡಿಸಲು ಆಗಲಿಲ್ಲ. ಹೆಂಡತಿ ಕೆಳಗೆ ಬಕೆಟ್ ಇಟ್ಟು, "ನಿಮ್ಮ ಯಜಮಾನರು ತಮ್ಮ ತಲೆನೋವನ್ನ ನನಗೆ ಕಟ್ಟಿದ್ರು ನೋಡಿ" ಅಂದಳು.

ಬುಧವಾರ ಅಂಗಡಿಯಿಂದ ಫೋನ್ ಬಂತು. ಓಡಿದರು. ಗೋಡೌನಿನ ನೆಲದ ತುಂಬ ಡಬ್ಬಗಳು. ಹುಡುಗಿಯ ಮುಖ ಬಿಳುಚಿಕೊಂಡಿತ್ತು.

"ಅಣ್ಣಾ, ಯಾವ ಬಣ್ಣ ಎಲ್ಲಿದೆ ನಂಗೆ ಗೊತ್ತಿರಲಿಲ್ಲ. ಅದಕ್ಕೆ ಎಲ್ಲಾನೂ ಕೆಳಗೆ ಇಳಿಸ್ದೆ. ಹಿಂದಿನ ಸಾಲಿಂದು... ನೀವೇ ಎತ್ತಿ ನೋಡಿ."

ದೊಡ್ಡ ಡಬ್ಬವೆಂದು, ನೋಯುವ ಭುಜವನ್ನೂ ಲೆಕ್ಕಿಸದೆ ಉಸಿರು ಬಿಗಿಹಿಡಿದು ಎತ್ತಿದರು. ಅದು ಹೂವಿನಂತೆ ಮೇಲೆ ಬಂತು. ಅವರು ಹಿಂದಕ್ಕೆ ಬಿದ್ದೇ ಬಿಡುತ್ತಿದ್ದರು.

ಪೇಂಟರುಗಳು ವಾಪಸು ಮಾರುವ ಖಾಲಿ ಡಬ್ಬಗಳವು. ಯಾರೋ ಅವನ್ನು ಒರೆಸಿ, ಮುಚ್ಚಳ ಬಡಿದು, ತುಂಬಿದ ಡಬ್ಬಗಳ ಹಿಂದೆ ನಿಲ್ಲಿಸಿದ್ದರು. ಅಲ್ಲಿರಬೇಕಾದ ತುಂಬಿದ ಡಬ್ಬಗಳು ಗಿರಾಕಿಗಳಿಗೆ ಹೋಗುವ ಲೋಡಿನ ಜೊತೆ ಕದ್ದು ಹೊರಗೆ ಹೋಗಿದ್ದವು.

ಯಜಮಾನರು ಬೇರೆಯವರನ್ನು ಹೊರಗೆ ಕಳಿಸಿದರು. ಸ್ಟೂಲು ಎಳೆದು ಕೊಟ್ಟರು.

"ನಿಮ್ಮನ್ನ ಕಳ್ಳ ಅಂತಿಲ್ಲ. ಗೊತ್ತಾಗೋ ತನಕ ಯಾರನ್ನೂ ಅನ್ನಲ್ಲ. ಆದರೆ ಬೀಗದ ಕೈ ನಿಮ್ಮ ಹತ್ರ ಇತ್ತು. ಹೇಗಾಯ್ತು ಅಂತ ಯೋಚಿಸಿ, ನಾಳೆ ಬಂದು ಹೇಳಿ."

ಯೋಚಿಸಲು ಏನೂ ಉಳಿದಿರಲಿಲ್ಲ. ದಿನಾ ಸಂಜೆ ಅವರು ಮುಂದಿನ ಸಾಲಿನ ಡಬ್ಬಗಳನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗುತ್ತಿದ್ದರು. ತುಂಬಿದ ಡಬ್ಬದ ಸದ್ದು ಅವರಿಗೆ ಗೊತ್ತು. ಭುಜ ಕೆಟ್ಟ ಮೇಲೆ ಹಿಂದಿನ ಸಾಲಿಗೆ ಕೈ ಹಾಕಿರಲಿಲ್ಲ. ಅದನ್ನು ಜೋಡಿಸುವವನು, ಗಾಡಿಗೆ ತುಂಬುವವನು ಲೋಡರ್. ಲೋಡರ್ ಅಂದರೆ ಹೆಂಡತಿಯ ತಮ್ಮ. ಕೈ ಹಿಡಿದು ಕರೆತಂದು ಕೆಲಸಕ್ಕೆ ಸೇರಿಸಿದವರು ಇವರೇ. ಮನೆಯವನು ಜೋಡಿಸಿದ್ದನ್ನು ಯಾರು ತಟ್ಟಿ ನೋಡುತ್ತಾರೆ?

ಊಟ ಸೇರಲಿಲ್ಲ. ಹೆಂಡತಿ ಕೇಳಿದಾಗ ಎಲ್ಲಾ ಹೇಳಿದರು. ಕೊನೆಗೆ, "ನಾನೇ ಮಾಡ್ದೆ ಅಂದ್ಬಿಡ್ಲಾ? ಅವನಿಗೆ ಚಿಕ್ಕ ಮಕ್ಕಳು" ಅಂದರು.

ಅವಳು ತಮ್ಮನಿಗೆ ಹೇಳಿ ಕಳಿಸಿದಳು. ಅವನು ನಗುತ್ತಲೇ ಬಂದ.

"ಭಾವ, ಏನಿದು ಸಾವಿನ ಮನೆ ಥರ ಕೂತಿದ್ದೀರಿ? ನಾಲ್ಕು ಡಬ್ಬ ಹೋದ್ರೆ ಆ ಯಜಮಾನನ ಮನೆ ಮುಳುಗುತ್ತಾ?"

"ಮುಳುಗಿದ್ದು ಅವರ ಮನೆ ಅಲ್ಲ ಕಣೋ" ಅಂದರು ಬೀಗದಣ್ಣ.

"ಗೊತ್ತಿಲ್ಲ ಅಂದ್ಬಿಡಿ, ಅಷ್ಟೇ. ನಿಮ್ಮ ಮೇಲೆ ಯಾರಿಗೆ ಅನುಮಾನ ಬರುತ್ತೆ? ಅದಕ್ಕೇ ತಾನೆ ಇಷ್ಟು ದಿನ ನಡೀತು."

ಬೀಗದಣ್ಣ ಬೆವರು ಸುರಿಸಿ ಗಳಿಸಿದ ಒಳ್ಳೆಯ ಹೆಸರನ್ನೇ ಇವನು ಡಬ್ಬಗಳ ಮೇಲೆ ಹೊದಿಸಿ ಹೊರಗೆ ಸಾಗಿಸಿದ್ದ. ಕಳವಿಗಿಂತ ಅದು ಅವರನ್ನು ಹೆಚ್ಚು ಉರಿಸಿತು.

"ಅಕ್ಕಾ, ನೀನಾದ್ರೂ ಹೇಳೇ."

"ಹೇಳ್ತೀನಿ. ಬೆಳಿಗ್ಗೆ ಭಾವನ ಜೊತೆ ಹೋಗು. ಅವರು ಬಾಯಿ ಬಿಡೋ ಮುಂಚೆ ನೀನು ಬಿಡು. ಅಷ್ಟು ಮರ್ಯಾದೆ ಉಳಿಸಿಕೋ."

ಅವನ ನಗು ನಿಂತಿತು. ಚಪ್ಪಲಿ ಮೆಟ್ಟಿಕೊಂಡು ಹೋದ.

ಬೆಳಿಗ್ಗೆ ಬೀಗದಣ್ಣ ಬೀದಿಯ ತಿರುವಿನಲ್ಲಿ ಕಾದರು. ಅಂಗಡಿಗಳ ಶಟರುಗಳು ಒಂದೊಂದಾಗಿ ಮೇಲೆದ್ದವು. ಬಾಮೈದ ಬರಲಿಲ್ಲ. ಒಬ್ಬರೇ ಹೋಗಿ ಹೇಳಿದರು. ಹಿಂದಿನ ಸಾಲನ್ನು ತಾನು ನೋಡದೆ ಬಿಟ್ಟದ್ದನ್ನೂ ಹೇಳಿದರು.

ಯಜಮಾನರು ಕೂಗಾಡಲಿಲ್ಲ. ಬಾಮೈದನನ್ನು ಕರೆಸಿ, ಅವನ ಮಾತನ್ನೂ ಕೇಳಿ, ಕೆಲಸದಿಂದ ತೆಗೆದರು. ನಷ್ಟವನ್ನು ತಿಂಗಳು ತಿಂಗಳು ಕಟ್ಟಲು ಒಪ್ಪಿಸಿದರು. ವಿಷಯವನ್ನು ಬೀದಿಗೆ ಎಳೆಯಲಿಲ್ಲ. ಅಂದಿನಿಂದ ಖಾಲಿ ಡಬ್ಬ ಬಂದ ಕೂಡಲೇ ತಳಕ್ಕೆ ಮೊಳೆ ಹೊಡೆದು ತೂತು ಮಾಡಬೇಕು, ಲೋಡು ಹೋಗುವಾಗ ಇಬ್ಬರು ನಿಂತು ಎಣಿಸಬೇಕು ಎಂದಾಯಿತು.

"ಮತ್ತೆ ನಾನು?" ಬೀಗದಣ್ಣ ಕೇಳಿದರು.

"ನೀವು ಸೋಮವಾರ ಬನ್ನಿ. ರಜೆ ಇನ್ನೂ ಮುಗಿದಿಲ್ಲ."

ಕೆಲಸ ಉಳಿಯಿತು. ಹೆಸರೂ ಉಳಿಯಿತು. ಹೆಂಡತಿಗೆ ತವರು ಉಳಿಯಲಿಲ್ಲ. ಬೀಗದಣ್ಣ ತೀರಿಕೊಳ್ಳುವ ತನಕ ಅವಳ ತಮ್ಮ ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಅವಳು ಒಂದು ದಿನವೂ ಆ ಮಾತು ಎತ್ತಲಿಲ್ಲ. ಅವಳು ಎತ್ತದೇ ಇದ್ದದ್ದೇ ಅವರಿಗೆ ಭಾರವಾಗಿತ್ತು. ಆ ವರ್ಷವೇ ಒಂದು ಸಂಜೆ ಅವರೇ ಕೇಳಿದರು.

"ನಿನ್ನ ತಮ್ಮನ ಹೆಸರು ಹೇಳಿದ್ದಕ್ಕೆ ನಿಂಗೆ ಸಿಟ್ಟಿಲ್ವಾ?"

"ಇದೆ. ಅವನ ಮೇಲೆ" ಅಂದಳು. "ಅನ್ನ ಆರ್ತಿದೆ, ಏಳಿ."

ಅವರು ಎದ್ದರು. ಅವತ್ತು ಎರಡನೇ ಸಲ ಬಡಿಸಿಕೊಂಡು ಉಂಡರು.