ಮನಸ್ಸಲ್ಲಿ ಹೇಳಿದ ಎರಡು ಮಣಿ

ನಮ್ಮ ಮನೆಯಲ್ಲಿ ಸಂಜೆ ಏಳಕ್ಕೆ ಟಿವಿ ಬಂದ್. ಆಮೇಲೆ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ. ಹತ್ತು ಹತ್ತು ಮಣಿಗಳ ಐದು ಪಾಲು, ಮನೆಯಲ್ಲಿ ನಾವೂ ಐದು ಜನ. ಮೊದಲ ಪಾಲು ಅತ್ತೆಯದು, ಎರಡನೆಯದು ಗಂಡನದು, ಮೂರನೆಯದು ನನ್ನದು, ನಾಲ್ಕನೆಯದು ದೊಡ್ಡ ಮಗಳದು. ಕೊನೆಯದು ಸಣ್ಣವಳದು. ಪಾಲಿನವರು ಒಂದೊಂದು ಮಣಿಯ ಪ್ರಾರ್ಥನೆಯನ್ನು ಅರ್ಧ ಹೇಳಿದರೆ ಉಳಿದವರು ಇನ್ನರ್ಧ ಹೇಳಿ ಮುಗಿಸಬೇಕು. ನಾನು ಸೊಸೆಯಾಗಿ ಬರುವ ಮೊದಲಿನಿಂದಲೂ ಕೊನೆಯ ಹತ್ತು ಮಣಿ ಮನೆಯ ಅತಿ ಕಿರಿಯರದೇ.

ಸಣ್ಣವಳು ಮಹಾ ಕಳ್ಳಿ. ಹತ್ತು ಸಲ ‘ನಮೋ ಮರಿಯಾ’ ಹೇಳಬೇಕಾದಲ್ಲಿ ಎಂಟು ಹೇಳಿ ಮುಂದಕ್ಕೆ ಹಾರಿಬಿಡುತ್ತಿದ್ದಳು. ಅತ್ತೆಯ ಕಣ್ಣು ಮಂಜಾದರೂ ಬೆರಳು ಚುರುಕು. ಜಪಸರ ಹಿಡಿದ ಕೈ ಅಲ್ಲೇ ನಿಲ್ಲುತ್ತಿತ್ತು.

“ಎರಡು ಕಡಿಮೆ ಉಂಟು.”

“ಅದನ್ನು ನಾನು ಮನಸ್ಸಲ್ಲಿ ಹೇಳಿದೆ ಅಜ್ಜಿ. ದೇವರಿಗೆ ಕೇಳಿಸಿದೆ.”

ದಿನಾ ಇದೇ ಜಗಳ. ಗಂಡ ತಲೆ ತಗ್ಗಿಸಿ ನಗುತ್ತಿದ್ದರು. ನನಗೆ ಮಾತ್ರ ಸಿಟ್ಟು ಬರುತ್ತಿತ್ತು. ನಾನು ಕುಂಬ್ರದಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಅಳತೆ ಒಂದಿಂಚು ಹೆಚ್ಚು ಕಡಿಮೆ ಆದರೂ ಬಿಚ್ಚಿ ಮತ್ತೆ ಹೊಲಿಯುವ ಜಾತಿ ನನ್ನದು.

ಶಾಲೆ ಶುರುವಾದ ಜೂನ್‌ನಲ್ಲಿ ಅವಳಿಗೆ ಜ್ವರ ಬಂತು. ಹನ್ನೊಂದು ವರ್ಷ. ಊರವರ ಮಕ್ಕಳ ಯೂನಿಫಾರ್ಮ್ ಎಲ್ಲ ಹೊಲಿದು ಕೊಟ್ಟಿದ್ದೆ, ಅವಳದಕ್ಕೆ ಇನ್ನೂ ಗುಂಡಿ ಹಾಕಿರಲಿಲ್ಲ. ಪುತ್ತೂರಿನಲ್ಲಿ ರಕ್ತ ಪರೀಕ್ಷೆ ಮಾಡಿ ಡೆಂಗ್ಯೂ ಎಂದರು. ಎರಡು ದಿನ ಬಿಟ್ಟು ಮಂಗಳೂರಿಗೆ ಕಳಿಸಿದರು. ಪ್ಲೇಟ್‌ಲೆಟ್ ಇಳಿಯುತ್ತಲೇ ಇತ್ತು.

ಅಲ್ಲಿ ಸಂಜೆ ಏಳಾದಾಗ ಅವಳೇ ನೆನಪಿಸಿದಳು. “ಮಮ್ಮಿ, ತೇರ್ಸ್ ಹೇಳುವ.” ನಾಲ್ಕು ಪಾಲು ನಾನೇ ಹೇಳಿದೆ. ಐದನೆಯದನ್ನು ಅವಳು ಹಿಡಿದಳು. ಮೂರು ಹೇಳುವಾಗಲೇ ಕಣ್ಣು ಮುಚ್ಚಿಕೊಂಡು ಬಂತು. “ಉಳಿದದ್ದು ಮನಸ್ಸಲ್ಲಿ ಹೇಳ್ತೇನೆ ಮಮ್ಮಿ” ಎಂದಳು.

“ಕಳ್ಳಿ, ದೇವರಿಗೂ ಮೋಸ ಮಾಡುದಾ? ಸರಿಯಾಗಿ ಹೇಳು” ಎಂದು ಗದರಿದೆ. ತಮಾಷೆಗೆ ಗದರಿದ್ದಲ್ಲ. ಹತ್ತೂ ಪೂರ್ತಿಯಾದರೆ ಮಗಳು ಗುಣವಾಗುತ್ತಾಳೆ ಎಂದು ಒಳಗೊಳಗೇ ದೇವರ ಜತೆ ಒಪ್ಪಂದ ಮಾಡಿಕೊಂಡಿದ್ದೆ. ಅವಳು ಕಷ್ಟಪಟ್ಟು ಇನ್ನೊಂದು ಹೇಳಿದಳು. ಅಷ್ಟೇ. ಮತ್ತೆ ಕಣ್ಣು ತೆರೆಯದೆ ಮರುದಿನ ಮಧ್ಯಾಹ್ನ ಹೋದಳು.

ಮಗಳಿಗೆ ನಾನು ಕೊನೆಯದಾಗಿ ಆಡಿದ ಮಾತು ಅದು.

ಮಣ್ಣು ಮಾಡಿ ಬಂದ ದಿನವೂ ಅತ್ತೆ ತೇರ್ಸ್ ಬಿಡಲಿಲ್ಲ. ಐದನೆಯ ಹತ್ತನ್ನು ತಾವೇ ಹೇಳತೊಡಗಿದರು. ಅದು ಶುರುವಾಗುವಾಗ ನಾನು ಅನ್ನ ನೋಡುವ ನೆಪದಲ್ಲಿ ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ಕುಚ್ಚಲಕ್ಕಿ ಬೇಯಲು ಹೊತ್ತು ಬೇಕು, ಯಾರೂ ಕೇಳುತ್ತಿರಲಿಲ್ಲ. ಸೋಮವಾರ, ಶನಿವಾರ ಇನ್ನೂ ಕಷ್ಟ. ಆ ದಿನಗಳಲ್ಲಿ ಧ್ಯಾನಿಸುವುದು ಸಂತೋಷದ ರಹಸ್ಯಗಳನ್ನು, ಅಂದರೆ ಮರಿಯಮ್ಮನ ಬಾಳಿನ ಐದು ಸಂತೋಷದ ಘಟನೆಗಳನ್ನು, ಪಾಲಿಗೊಂದರಂತೆ. ಅದರಲ್ಲಿ ಐದನೆಯದು, ಕಳೆದುಹೋದ ಬಾಲಯೇಸು ಮೂರು ದಿನಗಳ ಮೇಲೆ ದೇವಾಲಯದಲ್ಲಿ ತಾಯಿ ತಂದೆಗೆ ಸಿಕ್ಕಿದ್ದು. ಒಲೆಯ ಮುಂದೆ ನಿಂತು ಮರಿಯಮ್ಮನಿಗೆ ಹೇಳುತ್ತಿದ್ದೆ, ನಿನ್ನ ಮಗ ಸಿಕ್ಕಿದ, ನಿನಗೆ ಸಂತೋಷ. ನನಗೆ ಎಂತದು? ಭಾನುವಾರ ಇಗರ್ಜಿಗೆ ಹೋಗಿ ಬಾಯಿ ಮುಚ್ಚಿ ಕೂತು ಬರುತ್ತಿದ್ದೆ.

ಒಂದು ಶನಿವಾರ ಅತ್ತೆಗೆ ಶೀತವಾಗಿ ಸ್ವರ ಪೂರ್ತಿ ಬಿದ್ದಿತ್ತು. ತಮ್ಮ ಪಾಲನ್ನು ಹೇಗೋ ಪಿಸುಗುಟ್ಟಿದರು. ನಾಲ್ಕನೆಯದು ಮುಗಿದು ನಾನು ಏಳಬೇಕು, ಅಷ್ಟರಲ್ಲಿ ಸೀರೆಯ ಸೆರಗು ಹಿಡಿದರು.

“ಇವತ್ತು ನೀನು ಹೇಳು. ನನ್ನಿಂದ ಆಗುದಿಲ್ಲ.”

“ಅನ್ನ ಒಲೆಯಲ್ಲಿ ಉಂಟು ಮಾಯ್” ಎಂದೆ ಅತ್ತೆಗೆ.

“ಅನ್ನ ಬೇಯ್ತದೆ. ಕೂತ್ಕೊ.”

ಕೂತೆ. ಸಿಟ್ಟಿನಿಂದಲೇ ಶುರುಮಾಡಿದೆ. ಮಣಿ ಬೆರಳಿಗೆ ಸಿಗುತ್ತಿರಲಿಲ್ಲ. ಒಮ್ಮೆ ಮುಗಿದರೆ ಸಾಕು ಎಂದು ಓಡಿಸಿ ಓಡಿಸಿ ಹೇಳಿ, ಹತ್ತಾದ ಮೇಲೆ ಬರುವ ‘ಪಿತನಿಗೂ ಸುತನಿಗೂ’ ಎಂದು ಮುಂದಕ್ಕೆ ಹಾರಿದೆ.

ಇಲ್ಲದ ಸ್ವರದಲ್ಲಿ ಅತ್ತೆ ಹೇಳಿದರು, “ಎರಡು ಕಡಿಮೆ ಉಂಟು.”

ಅದೇ ಧಾಟಿ. ಆಡಿದ ಮೇಲೆ ಅತ್ತೆಗೂ ಗೊತ್ತಾಯಿತು, ಬಾಯಿಗೆ ಕೈ ಅಡ್ಡ ಹಿಡಿದರು. ಆಗ ದೊಡ್ಡವಳು, ತಂಗಿ ಹೋದ ಮೇಲೆ ಮಾತೇ ಕಡಿಮೆ ಮಾಡಿದ್ದವಳು, ನೆಲ ನೋಡುತ್ತಾ ಹೇಳಿದಳು, “ಅದನ್ನು ಮಮ್ಮಿ ಮನಸ್ಸಲ್ಲಿ ಹೇಳಿದ್ದು ಅಜ್ಜಿ. ದೇವರಿಗೆ ಕೇಳಿಸಿದೆ.”

ಮೊದಲು ನಕ್ಕದ್ದು ನಾನು. ನಿಜಕ್ಕೂ ನಕ್ಕೆ, ಹೊಟ್ಟೆ ಹಿಡಿದುಕೊಂಡು. ಗಂಡ ನಕ್ಕರು, ಅತ್ತೆ ಕೆಮ್ಮುತ್ತಾ ನಕ್ಕರು. ಸಾವಿನ ಮನೆಯಲ್ಲಿ ಇದೆಂಥ ನಗು ಎಂದು ಯಾರಾದರೂ ಕೇಳಿಯಾರು. ಎಷ್ಟೋ ವಾರ ಹುಡುಕಿ ಸಿಗದವಳು ಅಷ್ಟು ಹೊತ್ತು ನಮ್ಮ ನಡುವೆ ಚಾಪೆಯ ಮೇಲೆ ಕೂತಿದ್ದಳು. ನನಗೆ ಸಂತೋಷವಾಗಿತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಅಳು ಬಂತು. ಆಸ್ಪತ್ರೆಯಲ್ಲಿ ನಾನು ಗದರಿದ್ದನ್ನು ಆವತ್ತೇ ಮೊದಲ ಸಲ ಅವರೆದುರು ಹೇಳಿದೆ. ಅತ್ತೆ ನನ್ನ ತಲೆಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಅನ್ನ ತಳ ಹಿಡಿಯಿತು.

ಈಗ ಐದನೆಯ ಹತ್ತು ನನ್ನದು. ದುಃಖ ಕಡಿಮೆಯಾಗಿದೆ ಎಂದಲ್ಲ. ಅವಳ ಯೂನಿಫಾರ್ಮ್ ಗುಂಡಿ ಇಲ್ಲದೆ ಹಾಗೇ ಕಪಾಟಿನಲ್ಲಿದೆ, ಅದನ್ನು ಮುಟ್ಟಲು ನನ್ನಿಂದಾಗಿಲ್ಲ. ಆದರೆ ಎಂಟು ‘ನಮೋ ಮರಿಯಾ’ ಗಟ್ಟಿಯಾಗಿ ಹೇಳುತ್ತೇನೆ, ಎರಡನ್ನು ಮನಸ್ಸಲ್ಲಿ. ಒಂದು ಮಣಿ ತಪ್ಪಿದರೂ ಬಿಡದ ಅತ್ತೆ ಆಗ ಏನೂ ಹೇಳುವುದಿಲ್ಲ. ಕಣ್ಣು ಮುಚ್ಚಿ, ನಾನು ಮುಗಿಸುವವರೆಗೂ ಕಾಯುತ್ತಾರೆ.